ನಿಮಗಿದು ಗೊತ್ತೇ? ಕಾನ್ಫರೆನ್ಸ್ ಬದಲಾದರೆ ಚಾನೆಲ್ಲೂ ಬದಲು!

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಗಳು ತಮ್ಮ ಪಂದ್ಯಗಳನ್ನು ಬಹುಮಟ್ಟಿಗೆ ತಾವೇ ಟೀವಿಗೆ ಮಾರುವುದಿಲ್ಲ. ಮಾರುವುದು ಅವು ಸೇರಿಕೊಂಡಿರುವ ಕಾಲೇಜುಗಳ ಒಕ್ಕೂಟ. ಅದೇ ಕಾನ್ಫರೆನ್ಸ್. ಹತ್ತೋ ಹದಿನೆಂಟೋ ಕಾಲೇಜುಗಳು ಒಟ್ಟಿಗೆ ಕೂತು ಒಂದು ಒಪ್ಪಂದಕ್ಕೆ ಸಹಿ ಹಾಕಿದರೆ ಯಾವ ಚಾನೆಲ್, ಯಾವ ವಾರ, ರಾತ್ರಿ ಎಷ್ಟು ಗಂಟೆ ಎಂಬುದೆಲ್ಲ ಅಲ್ಲೇ ಇತ್ಯರ್ಥವಾಗುತ್ತದೆ. ತಂಡ ಕಾನ್ಫರೆನ್ಸ್ ಬದಲಿಸಿತು ಎನ್ನಿ: ಕೋಚ್ ಅವರೇ, ಆಟಗಾರರು ಅವರೇ, ಅಂಗಳವೂ ಅದೇ. ಆದರೆ ಅಭಿಮಾನಿ ಒತ್ತಬೇಕಾದ ರಿಮೋಟ್ ಗುಂಡಿ ಬೇರೆ.

ಟೀವಿಯಲ್ಲಿ ಬಂದ ಮೊದಲ ಬ್ಯಾಸ್ಕೆಟ್‌ಬಾಲ್ ಪಂದ್ಯವೇ ಕಾಲೇಜು ಪಂದ್ಯ. 1940ರ ಫೆಬ್ರುವರಿ 28, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಪಿಟ್ಸ್‌ಬರ್ಗ್ 57, ಫೋರ್ಡ್‌ಹ್ಯಾಮ್ 37. ಗೆದ್ದ ಪಿಟ್ಸ್‌ಬರ್ಗ್ ಮುಂದೆ 1982ರಲ್ಲಿ ಬಿಗ್ ಈಸ್ಟ್‌ಗೆ, 2013ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿಗೆ (ಎಸಿಸಿ) ಹಾರಿತು.

ಬಿಗ್ ಈಸ್ಟ್ ಕಾನ್ಫರೆನ್ಸ್ ಮತ್ತು ಇಎಸ್‌ಪಿಎನ್ ಚಾನೆಲ್ ಹುಟ್ಟಿದ್ದು ಒಂದೇ ವರ್ಷ, 1979ರಲ್ಲಿ. ಒಂದು ಮೇ ತಿಂಗಳಲ್ಲಿ, ಇನ್ನೊಂದು ಸೆಪ್ಟೆಂಬರಿನಲ್ಲಿ. ಇದು ಕಾಕತಾಳೀಯವಾದರೂ ಇಬ್ಬರಿಗೂ ಒಲಿದ ಅದೃಷ್ಟ. ಹಗಲು ರಾತ್ರಿ ತೋರಿಸಲು ಆಟಗಳಿಲ್ಲದೆ ಚಾನೆಲ್ ಪರದಾಡುತ್ತಿತ್ತು. ತಮ್ಮನ್ನು ತೋರಿಸುವವರಿಲ್ಲದೆ ಕಾಲೇಜುಗಳು ಪರದಾಡುತ್ತಿದ್ದವು. ಕಾನ್ಫರೆನ್ಸ್ ಕಟ್ಟಿದ ಡೇವ್ ಗ್ಯಾವಿಟ್ ಪ್ರಾವಿಡೆನ್ಸ್ ಕಾಲೇಜಿನ ಕೋಚ್ ಆಗಿದ್ದವರು. ನ್ಯೂಯಾರ್ಕಿಗೆ ಸೇಂಟ್ ಜಾನ್ಸ್, ವಾಷಿಂಗ್ಟನ್ನಿಗೆ ಜಾರ್ಜ್‌ಟೌನ್, ಬಾಸ್ಟನ್ನಿಗೆ ಬಾಸ್ಟನ್ ಕಾಲೇಜು, ಮರುವರ್ಷ ಫಿಲಡೆಲ್ಫಿಯಾಕ್ಕೆ ವಿಲನೋವಾ: ಪೂರ್ವ ಕರಾವಳಿಯ ದೊಡ್ಡ ಟೀವಿ ಊರುಗಳೆಲ್ಲ ಅವರ ತೆಕ್ಕೆಗೆ ಬಂದವು. ಆರೇ ವರ್ಷದಲ್ಲಿ, 1985ರ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರಲ್ಲಿ ಮೂರು ತಂಡ ಬಿಗ್ ಈಸ್ಟ್‌ನವು! ಫೈನಲ್‌ನಲ್ಲಿ ವಿಲನೋವಾ 66, ಜಾರ್ಜ್‌ಟೌನ್ 64.

ಯಾವ ಕಾನ್ಫರೆನ್ಸಿಗೂ ಸೇರದ ತಂಡ ಟೀವಿ ಇತಿಹಾಸ ಬರೆದದ್ದೂ ಉಂಟು. 1968ರ ಜನವರಿ 20ರಂದು ಹ್ಯೂಸ್ಟನ್ ವಿಶ್ವವಿದ್ಯಾಲಯ ಆಸ್ಟ್ರೋಡೋಮ್‌ನಲ್ಲಿ 52,693 ಪ್ರೇಕ್ಷಕರ ಎದುರು ಯುಸಿಎಲ್‌ಎಯನ್ನು 71-69ರಿಂದ ಸೋಲಿಸಿ ಅದರ ಸತತ 47 ಗೆಲುವುಗಳ ಓಟಕ್ಕೆ ತಡೆ ಹಾಕಿತು. ಟೀವಿಎಸ್ ಎಂಬ ಸಣ್ಣ ಸಂಸ್ಥೆ ಅದನ್ನು ದೇಶದ ಉದ್ದಗಲಕ್ಕೂ ತೋರಿಸಿತು. ಆಗ ಹ್ಯೂಸ್ಟನ್ ಒಬ್ಬಂಟಿ ತಂಡ. ಆಮೇಲೆ ಸೌತ್‌ವೆಸ್ಟ್, ಕಾನ್ಫರೆನ್ಸ್ ಯುಎಸ್‌ಎ, ಅಮೆರಿಕನ್ ಎಂದು ಮನೆ ಬದಲಿಸುತ್ತಾ 2023ರಲ್ಲಿ ಬಿಗ್ 12 ಸೇರಿತು. ಕಾಲಿಟ್ಟ ಮೊದಲ ಋತುವಿನಲ್ಲೇ ಅಲ್ಲಿನ ಲೀಗ್ ಗೆದ್ದಿತು.

ಬ್ಯಾಸ್ಕೆಟ್‌ಬಾಲ್ ತಂಡದ ವಿಳಾಸ ಬದಲಿಸುವುದು ಬಹಳ ಸಲ ಬ್ಯಾಸ್ಕೆಟ್‌ಬಾಲ್ ಅಲ್ಲ, ಅಮೆರಿಕನ್ ಫುಟ್‌ಬಾಲ್! ಟೀವಿ ದುಡ್ಡಿನ ದೊಡ್ಡ ಪಾಲು ಬರುವುದು ಅದರಿಂದ. 1984ರಲ್ಲಿ ಸುಪ್ರೀಂ ಕೋರ್ಟ್, ಕಾಲೇಜು ಫುಟ್‌ಬಾಲಿನ ಟೀವಿ ಹಕ್ಕುಗಳ ಮೇಲೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಇಟ್ಟುಕೊಂಡಿದ್ದ ಹಿಡಿತವನ್ನು 7-2 ಬಹುಮತದಿಂದ ಮುರಿಯಿತು. ಕಾನ್ಫರೆನ್ಸ್‌ಗಳು ಸ್ವತಂತ್ರ ವ್ಯಾಪಾರಿಗಳಾದದ್ದು ಅಲ್ಲಿಂದ. ಫುಟ್‌ಬಾಲ್ ಗಂಟುಮೂಟೆ ಕಟ್ಟಿದ ಕಡೆಗೆ ಬ್ಯಾಸ್ಕೆಟ್‌ಬಾಲ್ ಬಾಯಿಮುಚ್ಚಿಕೊಂಡು ಹಿಂಬಾಲಿಸಬೇಕಾಯಿತು.

2009ರ ಮಾರ್ಚ್‌ನಲ್ಲಿ ಬಿಗ್ ಈಸ್ಟ್ ಟೂರ್ನಿಯಲ್ಲಿ ಸಿರಾಕ್ಯೂಸ್ ಮತ್ತು ಕನೆಕ್ಟಿಕಟ್ ಆರು ಹೆಚ್ಚುವರಿ ಅವಧಿ ಆಡಿದವು. 127-117ರಿಂದ ಸಿರಾಕ್ಯೂಸ್ ಗೆದ್ದಾಗ ನ್ಯೂಯಾರ್ಕಿನಲ್ಲಿ ನಡುರಾತ್ರಿ ದಾಟಿ 1 ಗಂಟೆ 22 ನಿಮಿಷ. ಬೆಂಗಳೂರಿನಲ್ಲಿ ಆಗ ಬೆಳಿಗ್ಗೆ ಹನ್ನೊಂದಕ್ಕೆ ಇನ್ನು ಎಂಟೇ ನಿಮಿಷ ಬಾಕಿ.

ಆ ವೈಭವ ಬಹುಕಾಲ ಉಳಿಯಲಿಲ್ಲ. 2011ರಲ್ಲಿ ಇಎಸ್‌ಪಿಎನ್ ಮುಂದಿಟ್ಟ, ನೂರು ಕೋಟಿ ಡಾಲರ್‌ಗೂ ಹೆಚ್ಚಿನದೆಂದು ವರದಿಯಾದ ಒಪ್ಪಂದವನ್ನು ಬಿಗ್ ಈಸ್ಟ್ ಒಲ್ಲೆ ಎಂದಿತು. ಇನ್ನೂ ಹೆಚ್ಚು ಸಿಕ್ಕೀತೆಂಬ ಆಸೆ. ಅದೇ ಸೆಪ್ಟೆಂಬರಿನಲ್ಲಿ ಸಿರಾಕ್ಯೂಸ್ ಮತ್ತು ಪಿಟ್ಸ್‌ಬರ್ಗ್ ಎಸಿಸಿಗೆ ಹೊರಡುವುದಾಗಿ ಸಾರಿದವು. ಕೊನೆಗೆ ಫುಟ್‌ಬಾಲಿನ ಗೊಡವೆಯೇ ಬೇಡವೆಂದ ಏಳು ಕ್ಯಾಥೊಲಿಕ್ ಕಾಲೇಜುಗಳು 2013ರಲ್ಲಿ ಬೇರೆಯಾದವು, ಹೋಗುವಾಗ ಬಿಗ್ ಈಸ್ಟ್ ಹೆಸರನ್ನೂ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಟೂರ್ನಿಯನ್ನೂ ಜೊತೆಗೇ ಒಯ್ದವು. ಬಟ್ಲರ್, ಝೇವಿಯರ್, ಕ್ರೈಟನ್ ಬಂದು ಕೂಡಿಕೊಂಡವು. ಹೊಸದಾಗಿ ಕಣ್ಣುಬಿಟ್ಟಿದ್ದ ಫಾಕ್ಸ್ ಸ್ಪೋರ್ಟ್ಸ್ 1 ಚಾನೆಲ್‌ಗೂ ಪಂದ್ಯಗಳು ಬೇಕಿತ್ತು. 12 ವರ್ಷಕ್ಕೆ ಸುಮಾರು 50 ಕೋಟಿ ಡಾಲರ್ ಕೊಟ್ಟು ಇವರನ್ನು ಕೊಂಡಿತು. 1979ರ ಕಥೆಯೇ ಮರುಪ್ರಸಾರ!

ಬಟ್ಲರ್ ಮೂರು ಸತತ ಋತುಗಳಲ್ಲಿ ಮೂರು ಕಾನ್ಫರೆನ್ಸ್‌ಗಳಲ್ಲಿ ಆಡಿತು. ಹೊರೈಝನ್, ಅಟ್ಲಾಂಟಿಕ್ 10, ಬಿಗ್ ಈಸ್ಟ್. 2010, 2011ರಲ್ಲಿ ಸತತ ಎರಡು ಫೈನಲ್ ಆಡಿದ್ದೇ ಅದರ ಶಿಫಾರಸು ಪತ್ರ.

ಈ ಜಗಳದಲ್ಲಿ ಬೀದಿಗೆ ಬಿದ್ದದ್ದು ಕನೆಕ್ಟಿಕಟ್. ಬಿಗ್ ಈಸ್ಟಿನ ಸ್ಥಾಪಕ ಸದಸ್ಯನಾಗಿದ್ದ ಅದು ಫುಟ್‌ಬಾಲ್ ತಂಡ ಇಟ್ಟುಕೊಂಡ ತಪ್ಪಿಗೆ ಅಮೆರಿಕನ್ ಅಥ್ಲೆಟಿಕ್ ಕಾನ್ಫರೆನ್ಸ್‌ನಲ್ಲಿ ಉಳಿಯಬೇಕಾಯಿತು. 2014ರಲ್ಲಿ ಅಲ್ಲಿಂದಲೇ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು, ನಿಜ. ಆದರೆ ಟುಲೇನ್, ಟಲ್ಸಾ ಎಂಬ ದೂರದೂರದ ಎದುರಾಳಿಗಳ ಪಂದ್ಯ ನೋಡುವ ಉಮೇದು ಕನೆಕ್ಟಿಕಟ್ ಜನಕ್ಕೆ ಬರಲಿಲ್ಲ. 2019ರಲ್ಲಿ ಆ ಕಾನ್ಫರೆನ್ಸ್ ಇಎಸ್‌ಪಿಎನ್ ಜೊತೆ 12 ವರ್ಷಕ್ಕೆ ನೂರು ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಹಣ ಹೆಚ್ಚಾಯಿತು, ಆದರೆ ಬಹಳಷ್ಟು ಪಂದ್ಯಗಳು ಟೀವಿ ಬಿಟ್ಟು ಇಎಸ್‌ಪಿಎನ್ ಪ್ಲಸ್ ಎಂಬ ಚಂದಾ ಆ್ಯಪ್‌ಗೆ ಹೋಗುವುದೆಂದಾಯಿತು. ಕನೆಕ್ಟಿಕಟ್‌ನ ಮಹಿಳಾ ತಂಡದ ಆಟವನ್ನು ಪ್ರಾದೇಶಿಕ ಚಾನೆಲ್ ಎಸ್‌ಎನ್‌ವೈಯಲ್ಲಿ ಮನೆಮಂದಿಯೆಲ್ಲ ಕೂತು ನೋಡಿ ರೂಢಿಯಾದ ರಾಜ್ಯಕ್ಕೆ ಇದು ಒಗ್ಗದ ಮಾತು. ಮೂರೇ ತಿಂಗಳಲ್ಲಿ ಕಾಲೇಜು ವಾಪಸಾಗುವ ನಿರ್ಧಾರ ಮಾಡಿತು. ಬಿಡುಗಡೆಗೆ ತೆತ್ತದ್ದು 1.7 ಕೋಟಿ ಡಾಲರ್, ಫುಟ್‌ಬಾಲ್ ತಂಡ ನಿರ್ಗತಿಕ. 2020ರ ಜುಲೈ 1ರಂದು ತವರಿಗೆ ಮರಳಿದ ಪುರುಷರ ತಂಡ 2023 ಮತ್ತು 2024ರಲ್ಲಿ ಸತತ ಚಾಂಪಿಯನ್. ಫುಟ್‌ಬಾಲನ್ನು ಬಲಿಕೊಟ್ಟು ಬ್ಯಾಸ್ಕೆಟ್‌ಬಾಲ್ ಉಳಿಸಿಕೊಂಡ ಇಂಥ ಇನ್ನೊಂದು ದೊಡ್ಡ ಉದಾಹರಣೆ ಈ ಕಾಲದಲ್ಲಿ ಸಿಗುವುದು ಕಷ್ಟ. ಈ ಲೇಖಕನ ಮಟ್ಟಿಗೆ, ಇಡೀ ಗದ್ದಲದಲ್ಲಿ ಬುದ್ಧಿವಂತಿಕೆಯ ಒಂದೇ ನಡೆ ಇದು.

ಮೇರಿಲ್ಯಾಂಡ್ ಎಸಿಸಿಯ 1953ರ ಸ್ಥಾಪಕ ಸದಸ್ಯ. ಡ್ಯೂಕ್, ನಾರ್ತ್ ಕ್ಯಾರೊಲೈನಾ ಜೊತೆ ಆರು ದಶಕದ ಹಗೆ. ಆದರೂ 2014ರಲ್ಲಿ 3.14 ಕೋಟಿ ಡಾಲರ್ ಕೈಬಿಟ್ಟು ಬಿಗ್ ಟೆನ್ ಕಾನ್ಫರೆನ್ಸಿಗೆ ಹೋಯಿತು, ಜೊತೆಗೆ ನ್ಯೂಜೆರ್ಸಿಯ ರಟ್ಗರ್ಸ್. ಬಿಗ್ ಟೆನ್‌ಗೆ ಇವರ ಆಟಕ್ಕಿಂತ ಇವರ ಊರಿನ ಕೇಬಲ್ ಮನೆಗಳ ಮೇಲೆ ಕಣ್ಣು. 2007ರಲ್ಲಿ ಶುರುವಾದ ಬಿಗ್ ಟೆನ್ ನೆಟ್‌ವರ್ಕ್‌ಗೆ ತನ್ನ ಸದಸ್ಯ ಕಾಲೇಜಿರುವ ಪ್ರದೇಶದ ಪ್ರತಿ ಕೇಬಲ್ ಮನೆಯಿಂದಲೂ ಹೊರಗಿನವರಿಗಿಂತ ಹಲವು ಪಟ್ಟು ಶುಲ್ಕ ಬರುತ್ತಿತ್ತು. ಪಂದ್ಯ ನೋಡದ ಅಜ್ಜಿಯ ಕೇಬಲ್ ಬಿಲ್ಲಿನಲ್ಲೂ ಪಾಲು.

2018ರಲ್ಲಿ ಬಿಗ್ ಟೆನ್ ತನ್ನ ಟೂರ್ನಿಯನ್ನು ನ್ಯೂಯಾರ್ಕಿನಲ್ಲಿ ಒಂದು ವಾರ ಮೊದಲೇ ಮುಗಿಸಿತು. ಮಾಮೂಲಿ ವಾರದಲ್ಲಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಬಿಗ್ ಈಸ್ಟ್‌ನ ವಶದಲ್ಲಿತ್ತು.

ಪ್ಯಾಕ್-12 ಕಾನ್ಫರೆನ್ಸ್ 2012ರಲ್ಲಿ ಯಾರ ಹಂಗೂ ಇಲ್ಲದೆ ಪೂರ್ತಿ ತನ್ನದೇ ಚಾನೆಲ್ ತೆರೆಯಿತು. ಒಂದಲ್ಲ, ಏಳು! ಆದರೆ ಡೈರೆಕ್ಟ್‌ಟೀವಿ ಎಂಬ ದೊಡ್ಡ ಡಿಶ್ ಕಂಪನಿ ಜೊತೆ ಒಪ್ಪಂದ ಕುದುರಲೇ ಇಲ್ಲ. ತಮ್ಮ ತಂಡವನ್ನು ತಮ್ಮ ಮನೆಯಲ್ಲೇ ನೋಡಲಾಗದೆ ಅಭಿಮಾನಿಗಳು ಗೊಣಗಿದರು. 2022ರ ಜೂನ್ 30ರಂದು ಯುಸಿಎಲ್‌ಎ ಮತ್ತು ಯುಎಸ್‌ಸಿ ಬಿಗ್ ಟೆನ್‌ಗೆ ಹೋಗುವುದಾಗಿ ಹೇಳಿದವು; ಸರಿಯಾಗಿ ಎರಡು ವರ್ಷಕ್ಕೆ, 2024ರ ಜೂನ್ 30ಕ್ಕೆ, ಚಾನೆಲ್ ಬಾಗಿಲು ಹಾಕಿತು. ಅಷ್ಟರಲ್ಲಿ ಇತರರೂ ಜಾಗ ಖಾಲಿಮಾಡಿ, ಹನ್ನೆರಡರಲ್ಲಿ ಉಳಿದದ್ದು ಎರಡೇ ಕಾಲೇಜು. ಹೆಸರಿನಲ್ಲಿ ಹತ್ತು ಇರುವ ಬಿಗ್ ಟೆನ್‌ನಲ್ಲಿ ಈಗ ಹದಿನೆಂಟು. ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ಆಡುವುದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ. ಸಿಲಿಕಾನ್ ಕಣಿವೆಯ ಕನ್ನಡಿಗರು ಮಕ್ಕಳಿಗೆ ಭೂಗೋಳ ಹೇಳಿಕೊಡುವಾಗ ಈ ಉದಾಹರಣೆ ಎತ್ತದಿರುವುದೇ ವಾಸಿ.

ದೊಡ್ಡ ಕಾನ್ಫರೆನ್ಸ್ ಎಂದ ಮಾತ್ರಕ್ಕೆ ಎಲ್ಲ ಪಂದ್ಯವೂ ಸಲೀಸಾಗಿ ಸಿಗುತ್ತದೆ ಎಂದೇನಿಲ್ಲ. ಬಿಗ್ ಟೆನ್ 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಏಳು ವರ್ಷಕ್ಕೆ ಸುಮಾರು 700 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ಇಎಸ್‌ಪಿಎನ್ ಜೊತೆಗಿನ ಹಳೆಯ ನಂಟು ಕಡಿದುಕೊಂಡಿತು. ಕೆಲವು ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ಪೀಕಾಕ್ ಎಂಬ ಆ್ಯಪ್‌ನಲ್ಲಿ ಮಾತ್ರ ಬರತೊಡಗಿದವು. 1999ರಿಂದ ನಡೆದಿದ್ದ ಎಸಿಸಿ-ಬಿಗ್ ಟೆನ್ ಸವಾಲು ಸರಣಿಯೂ ನಿಂತಿತು. ಅದು ಇಎಸ್‌ಪಿಎನ್‌ನ ಕೂಸು. ಚಾನೆಲ್ ಮರುವರ್ಷ ಎಸಿಸಿಗೆ ಎಸ್‌ಇಸಿ ಎಂಬ ಇನ್ನೊಂದು ಕಾನ್ಫರೆನ್ಸನ್ನು ಜೋಡಿ ಮಾಡಿತು.

ಸಣ್ಣ ಕಾನ್ಫರೆನ್ಸ್‌ನಲ್ಲಿದ್ದೇ ದೇಶಕ್ಕೆಲ್ಲ ಪರಿಚಿತವಾದ ತಂಡ ಗೊನ್ಜಾಗಾ. ವೆಸ್ಟ್ ಕೋಸ್ಟ್ ಕಾನ್ಫರೆನ್ಸ್ ಪಂದ್ಯಗಳಿಗೆ ಇಎಸ್‌ಪಿಎನ್ ಕೊಡುತ್ತಿದ್ದ ಹೊತ್ತು ಪೂರ್ವ ಕರಾವಳಿಯಲ್ಲಿ ರಾತ್ರಿ ಹನ್ನೊಂದು. ನ್ಯೂಯಾರ್ಕ್ ಮಲಗಿರುತ್ತಿತ್ತು, ಬೆಂಗಳೂರು ಬೆಳಗಿನ ತಿಂಡಿ ತಿನ್ನುತ್ತಿತ್ತು. ಅದಕ್ಕೇ ಗೊನ್ಜಾಗಾ ನವೆಂಬರಿನ ಟೂರ್ನಿಗಳಲ್ಲೇ ಮುಖ ತೋರಿಸಿತು. 2018ರಲ್ಲಿ ಮಾವಿ ದ್ವೀಪದಲ್ಲಿ ಡ್ಯೂಕ್‌ಗೆ 89-87ರ ಸೋಲುಣಿಸಿದ್ದು ಹಾಗೆ. ಅದೇ ವರ್ಷ ತಂಡ ಬಿಟ್ಟುಹೋದೀತೆಂಬ ಭಯಕ್ಕೆ ಕಾನ್ಫರೆನ್ಸ್ ತನ್ನೊಳಗಿನ ಪಂದ್ಯಗಳನ್ನು 18ರಿಂದ 16ಕ್ಕೆ ಇಳಿಸಿತು. 2024ರ ಅಕ್ಟೋಬರಿನಲ್ಲಿ, ಹೊಸದಾಗಿ ಕಟ್ಟುತ್ತಿದ್ದ ಪ್ಯಾಕ್-12ಕ್ಕೆ ಹೋಗುವುದಾಗಿ ಗೊನ್ಜಾಗಾ ಘೋಷಿಸಿಯೇಬಿಟ್ಟಿತು.

ರಾಷ್ಟ್ರೀಯ ಟೂರ್ನಿಯಲ್ಲಿ ಆಡಿದ ಪಂದ್ಯಕ್ಕೆ ಬರುವ ಹಣ ಆರು ವರ್ಷ ಹಂಚಿಕೆಯಾಗುತ್ತದೆ, ಅದೂ ಕಾನ್ಫರೆನ್ಸಿಗೆ. ತಂಡ ಬಿಟ್ಟುಹೋದರೆ ಗಳಿಕೆ ಹಳೆಯ ಮನೆಯಲ್ಲೇ ಉಳಿಯುತ್ತದೆ.

ಚಾನೆಲ್ ಎಷ್ಟು ಮುಖ್ಯ? 2024ರಲ್ಲಿ ಮಹಿಳೆಯರ ಫೈನಲ್‌ಗೆ 1.89 ಕೋಟಿ ವೀಕ್ಷಕರು, ಪುರುಷರದಕ್ಕೆ 1.48 ಕೋಟಿ. ಕೇಟ್ಲಿನ್ ಕ್ಲಾರ್ಕ್ ಎಂಬ ಆಟಗಾರ್ತಿಯ ಮೋಡಿ ದೊಡ್ಡದೇ. ಆದರೆ ಮಹಿಳೆಯರ ಪಂದ್ಯ ಆಂಟೆನಾಕ್ಕೂ ಸಿಗುವ ಎಬಿಸಿಯಲ್ಲಿತ್ತು, ಪುರುಷರದು ಕೇಬಲ್ ಚಾನೆಲ್‌ಗಳಲ್ಲಿ.

ಮಾರ್ಚ್ ಬಂತೆಂದರೆ ಈ ಲೆಕ್ಕವೆಲ್ಲ ಬದಿಗೆ. ಪುರುಷರ ಟೂರ್ನಿಯ ಒಪ್ಪಂದ ಕಾನ್ಫರೆನ್ಸ್‌ಗಳದ್ದಲ್ಲ, ಎನ್‌ಸಿಎಎಯದು. ಸಿಬಿಎಸ್ ಮತ್ತು ಟರ್ನರ್ ಚಾನೆಲ್‌ಗಳಿಗೆ 2032ರವರೆಗೆ. 2011ರಿಂದ ಅದರ ಪ್ರತಿಯೊಂದು ಪಂದ್ಯವೂ ದೇಶಕ್ಕೆಲ್ಲ ನೇರಪ್ರಸಾರ, ಅರ್ಹತೆ ಪಡೆದ ತಂಡ ಬಿಗ್ ಟೆನ್‌ನದಾಗಿರಲಿ, ಹೆಸರೇ ಕೇಳದ ಕಾನ್ಫರೆನ್ಸಿನದಾಗಿರಲಿ.