ತೊಟ್ಟಿ ತುಂಬಿದ್ದರೂ ಎಂಜಿನ್ನಿಗೆ ಬಾಯಾರಿಕೆ

ಅಣೆಕಟ್ಟು ತುಂಬಿದ್ದರೂ ಕಾಲುವೆಯ ಕೊನೆಯ ಗದ್ದೆ ಒಣಗುವುದೆಂದರೇನು ಎಂಬುದನ್ನು ತುಂಗಭದ್ರೆಯನ್ನು ನಂಬಿ ಬತ್ತ ಬೆಳೆಯುವ ಸಿರುಗುಪ್ಪದ ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೀರು ಇರುವುದು ಬೇರೆ, ನೀರು ತಲಪುವುದು ಬೇರೆ. ವೇಗಕ್ಕೆಂದೇ ಹದಗೊಳಿಸಿದ ಕಾರುಗಳ ಎಂಜಿನ್ನುಗಳು ಅಕಾಲದಲ್ಲಿ ಕೆಡುವುದೂ ಅನೇಕ ವೇಳೆ ಹೀಗೆಯೇ. ತೊಟ್ಟಿಯಲ್ಲಿ ಎಣ್ಣೆ ಇರುತ್ತದೆ. ಬೇಕಾದ ಕ್ಷಣದಲ್ಲಿ ಬೇಕಾದ ಸ್ಥಳಕ್ಕೆ ಅದು ಮುಟ್ಟುವುದಿಲ್ಲ.

ಎರಡು ಸೆಕೆಂಡಿನ ಅನಾಹುತ

ಎಂಜಿನ್ನಿನ ತಳದಲ್ಲಿ ಸಂಪ್ ಎಂಬ ಎಣ್ಣೆಯ ತೊಟ್ಟಿಯುಂಟು. ಅಲ್ಲಿಂದ ಪಂಪು ಒಂದು ಹೀರುಕೊಳವೆಯ ಮೂಲಕ ಎಣ್ಣೆಯನ್ನೆತ್ತಿ, ಕ್ರ್ಯಾಂಕ್ ಶಾಫ್ಟಿನ ಬೇರಿಂಗುಗಳಿಗೆ ಒತ್ತಡದಿಂದ ಹಾಯಿಸುತ್ತದೆ. ತಿರುಗುವ ಉಕ್ಕಿಗೂ ಅದನ್ನು ಹೊತ್ತ ಬೇರಿಂಗಿಗೂ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರವೊಂದೇ.

ಕಾರು ರಭಸದಿಂದ ತಿರುವನ್ನು ಹೊಕ್ಕಾಗ, ಬಂಡಿಯಲ್ಲಿಟ್ಟ ಕೊಪ್ಪರಿಗೆಯ ನೀರಿನಂತೆ ಎಣ್ಣೆಯೆಲ್ಲ ಒಂದು ಪಕ್ಕಕ್ಕೆ ಏರುತ್ತದೆ. ತಿರುವಿನ ಬಲ ಗುರುತ್ವದ ಅರ್ಧದಷ್ಟಾದರೆ ಎಣ್ಣೆಯ ಮೇಲ್ಮೈ ಸುಮಾರು 27 ಡಿಗ್ರಿ ಓರೆಯಾಗುತ್ತದೆ. ಗುರುತ್ವಕ್ಕೆ ಸಮವಾದರೆ 45 ಡಿಗ್ರಿ. ಆಗ ಹೀರುಕೊಳವೆಯ ಬಾಯಿ ಬರಿದಾಗಿ, ಪಂಪು ಎಣ್ಣೆಯ ಬದಲು ಗಾಳಿಯನ್ನು ಕುಡಿಯುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗುವ ಎಂಜಿನ್ನು ಎರಡು ಸೆಕೆಂಡಿನಲ್ಲಿ 200 ಸುತ್ತು ಹಾಕಿರುತ್ತದೆ. ಬೇರಿಂಗಿನ ಮೆದುಲೋಹ ಉಜ್ಜಿ, ಕಾದು, ಶಾಫ್ಟಿಗೆ ಅಂಟಿಕೊಳ್ಳಲು ಅಷ್ಟು ಸಾಕಾಗಬಹುದು.

ಬಿಸಿಲು, ಧೂಳು, ಎರೆಮಣ್ಣು

ಬಳ್ಳಾರಿಯ ಸೀಮೆ ಈ ತೊಂದರೆಗೆ ಮತ್ತಷ್ಟು ನೀರೆರೆಯುತ್ತದೆ. ಬೇಸಿಗೆಯ ಬಿಸಿಲು ಇಲ್ಲಿ 40 ಡಿಗ್ರಿಯನ್ನು ದಾಟುವುದು ಸಾಮಾನ್ಯ. ಇಂಥ ಹವೆಯಲ್ಲಿ ಬಹಳ ಹೊತ್ತು ದುಡಿಸಿದ ಎಂಜಿನ್ನಿನ ಎಣ್ಣೆ ಕಾದು ತೆಳುವಾಗಿ ಒತ್ತಡ ಇಳಿಯುತ್ತದೆ. ಸಿರುಗುಪ್ಪದ ಕಡೆಯ ಎರೆಭೂಮಿ ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ, ಅದರ ಮೇಲೆ ಹಾಯುವ ರಸ್ತೆಗಳು ಅಲೆಯಲೆಯಾಗಿ ಕುಸಿಯುವುದುಂಟು. ಅಂದಕ್ಕಾಗಿ ನೆಲಕ್ಕೆ ತಗ್ಗಿಸಿದ ಕಾರಿನ ತೊಟ್ಟಿ ಅಲ್ಲಿ ಉಬ್ಬಿಗೆ ತಗಲಿದರೆ, ಅಥವಾ ಕಲ್ಲುಗುಡ್ಡಗಳ ಮಡಿಲಿನ ಕುರುಗೋಡಿನ ಹಾದಿಯಲ್ಲಿ ಬಂಡೆಯ ಚೂರಿಗೆ ಬಡಿದರೆ, ತಗಡು ಒಳಕ್ಕೆ ತಗ್ಗಿ ಹೀರುಕೊಳವೆಯ ಬಾಯಿಯನ್ನೇ ಮುಚ್ಚಬಹುದು. ಹೊರಗೆ ಒಂದು ತೊಟ್ಟೂ ಸೋರದಿದ್ದರೂ ಒಳಗೆ ಬರಗಾಲ.

ಅಗ್ಗದ ಉಪಾಯಗಳು

ಮೊದಲನೆಯದಕ್ಕೆ ಕಾಸಿನ ಖರ್ಚಿಲ್ಲ: ಮಟ್ಟ ನೋಡುವುದು. ಪಕ್ಕದ ಕುಂಬಾರಗುಡ್ಡ ಕೋಟೆಗಿಂತ ಎತ್ತರವೆಂಬುದನ್ನು ಗಮನಿಸದೆ ಬಳ್ಳಾರಿಯ ಕೋಟೆಯನ್ನು ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು ಹೈದರಾಲಿ ಗಲ್ಲಿಗೇರಿಸಿದನೆಂದು ಐತಿಹ್ಯ. ಮಟ್ಟದ ಲೆಕ್ಕ ತಪ್ಪಿದರೆ ಎಂಜಿನ್ನೂ ಕ್ಷಮಿಸುವುದಿಲ್ಲ. ಸಮನೆಲದಲ್ಲಿ ಕಾರನ್ನು ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಅಳತೆಕಡ್ಡಿಯನ್ನು ನೋಡಬೇಕು. ಎಣ್ಣೆ ಮೇಲಿನ ಗೆರೆಯ ಹತ್ತಿರವೇ ಇರಲಿ. ಎರಡು ಗೆರೆಗಳ ನಡುವಣ ಅಂತರ ಅನೇಕ ಕಾರುಗಳಲ್ಲಿ ಸುಮಾರು ಒಂದು ಲೀಟರ್. ತಿರುವಿನಲ್ಲಿ ಎಂಜಿನ್ನನ್ನು ಕಾಯುವುದು ಆ ಒಂದು ಲೀಟರೇ. ಆದರೆ ಗೆರೆಯನ್ನು ಮೀರಿ ಸುರಿಯುವುದೂ ತಪ್ಪು. ಶಾಫ್ಟು ಎಣ್ಣೆಯನ್ನು ಕಡೆದು ನೊರೆಯೆಬ್ಬಿಸಿದರೆ, ಪಂಪಿಗೆ ಸಿಕ್ಕುವುದು ಮತ್ತೆ ಗಾಳಿಯೇ.

ಎರಡನೆಯದು, ತಯಾರಕರು ಸೂಚಿಸಿದ ದರ್ಜೆಯ ಎಣ್ಣೆಯನ್ನೂ ಶೋಧಕವನ್ನೂ ಕಾಲಕ್ಕೆ ಸರಿಯಾಗಿ ಬದಲಿಸುವುದು. ಹಳೆಯ ಎಣ್ಣೆಯ ಜಿಡ್ಡು ಹೀರುಕೊಳವೆಯ ಜಾಲರಿಯನ್ನು ಕಟ್ಟುತ್ತದೆ. ತೊಟ್ಟಿಯ ಅಂಚಿಗೆ ಧಾರಾಳವಾಗಿ ಬಳಿದ ಅಂಟು ಒಳಗೆ ಉದುರಿದರೂ ಅದೇ ಫಲ. ತೊಟ್ಟಿಯ ಕೆಳಗೊಂದು ಗಟ್ಟಿ ತಗಡಿನ ರಕ್ಷೆ ಇದ್ದರೆ ಉಬ್ಬುತಗ್ಗುಗಳ ಭಯ ಕಡಿಮೆ.

ಮೂರನೆಯದು ತಡೆಹಲಗೆ. ತೊಟ್ಟಿಯೊಳಗೆ ಹೀರುಕೊಳವೆಯ ಸುತ್ತ ತಗಡಿನ ಗೋಡೆಗಳನ್ನು ಬೆಸೆದು, ಒಳಮುಖವಾಗಿ ಮಾತ್ರ ತೆರೆಯುವ ಸಣ್ಣ ಬಾಗಿಲುಗಳನ್ನಿಟ್ಟರೆ, ಒಳಬಂದ ಎಣ್ಣೆ ತಿರುವಿನಲ್ಲಿ ಓಡಿಹೋಗದು. ನುರಿತ ಬೆಸುಗೆಗಾರನಿಗೆ ಇದು ಅಸಾಧ್ಯದ ಕೆಲಸವಲ್ಲ. ಪೋರ್ಷೆ 911ರಂಥ ಕಾರುಗಳಲ್ಲಿ ಎಣ್ಣೆಯನ್ನು ಬೇರೆಯೇ ಪಾತ್ರೆಯಲ್ಲಿಡುವ ಒಣತೊಟ್ಟಿಯ ಪದ್ಧತಿ 1960ರ ದಶಕದಿಂದಲೂ ಉಂಟು. ಅದು ಶ್ರೇಷ್ಠವಾದರೂ ದುಬಾರಿ. ಬರಿಯ ದೊಡ್ಡ ಪಂಪನ್ನು ಕೂರಿಸುವುದರಿಂದ ಪ್ರಯೋಜನವಿಲ್ಲ. ಅದು ತೊಟ್ಟಿಯನ್ನು ಇನ್ನೂ ಬೇಗ ಬರಿದುಮಾಡೀತು.

ಕೊನೆಯದು ಒತ್ತಡಮಾಪಕ. ಸಾವಿರ ಸುತ್ತಿಗೆ ಚದರಂಗುಲಕ್ಕೆ 10 ಪೌಂಡು ಒತ್ತಡವೆಂಬುದು ಪಂದ್ಯದ ಎಂಜಿನ್ನು ಕಟ್ಟುವವರ ಹಳೆಯ ಸ್ಥೂಲ ಲೆಕ್ಕ. ತಿರುವಿನಲ್ಲಿ ಮುಳ್ಳು ಬಿದ್ದರೆ ಅದೇ ಎಚ್ಚರಿಕೆ. ಊರ ಹಾದಿ ಅಂಥ ಪರೀಕ್ಷೆಯ ಸ್ಥಳವಲ್ಲ; ವೇಗದ ಹಂಬಲವುಳ್ಳವರಿಗೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ, ಕೊಯಮತ್ತೂರಿನ ಕರಿ ಮುಂತಾದ ಪಂದ್ಯಪಥಗಳಿವೆ.

ಕಾರಿನಲ್ಲಿ ಮಾಪಕವಿರಲಿ ಇಲ್ಲದಿರಲಿ, ಎಣ್ಣೆಯ ಕೆಂಪು ದೀಪವಂತೂ ಇದ್ದೇ ಇರುತ್ತದೆ. ಅದು ಹೊತ್ತುವ ವೇಳೆಗೆ ಒತ್ತಡ ಬಹುಮಟ್ಟಿಗೆ ಬತ್ತಿರುತ್ತದೆ. ಸಿರುಗುಪ್ಪ ಇನ್ನು ನಾಲ್ಕೇ ಮೈಲಿಯೆಂದು ಮುಂದುವರಿದವನು ಆ ನಾಲ್ಕು ಮೈಲಿಗೆ ಇಡೀ ಎಂಜಿನ್ನಿನ ಬೆಲೆ ತೆರಬೇಕಾದೀತು. ಬದಿಗೆ ಸರಿದು ಎಂಜಿನ್ನನ್ನು ಕೂಡಲೇ ಆರಿಸಿದವನಿಗಾದರೋ, ಅನೇಕ ವೇಳೆ, ಒಂದು ಲೀಟರ್ ಎಣ್ಣೆಯ ಖರ್ಚಿನಲ್ಲೇ ಪಾರಾಗುವ ಅವಕಾಶ ಉಳಿದಿರುತ್ತದೆ.