ಅಡವಿಗೆ ಹೊರಟವರ ಚೀಲದಲ್ಲಿ ಎಂಥ ಚಾಕು?

ಮಳೆ ಹಿಡಿಯಿತೆಂದರೆ ನಮ್ಮ ಮುಧೋಳ, ಸೇಡಂ ಕಡೆಯ ಹುಡುಗರು ಬೈಕ್ ಹತ್ತಿ ಚಿಂಚೋಳಿಯ ದಾರಿ ಹಿಡಿಯುತ್ತಾರೆ. ಎತ್ತಿಪೋತೆ ಜಲಪಾತ, ಚಂದ್ರಂಪಳ್ಳಿ ಅಣೆಕಟ್ಟು, ಅಲ್ಲೇ ಎಲ್ಲೋ ನೆರಳಲ್ಲಿ ಬುತ್ತಿ ಬಿಚ್ಚಿ ಊಟ. ಹೊರಡುವ ಹೊತ್ತಿಗೆ ಮನೆಯ ಹಿರಿಯರು ಯಾರಾದರೂ ಹೇಳಿಯೇ ಹೇಳುತ್ತಾರೆ: "ಅಡವಿಗಿ ಹೊಂಟೀರಿ, ಒಂದು ದೊಡ್ಡ ಚಾಕು ಇಟ್ಕೋರಿ." ಅದು ಕಾಳಜಿಯ ಮಾತು, ನಿಜ. ಆದರೆ ಚಾಕುವಿನ ವಿಷಯದಲ್ಲಿ ನಾವು ಎಡವುವುದು ಆ 'ದೊಡ್ಡ' ಎಂಬ ಶಬ್ದದಲ್ಲೇ.

ಅಡವಿಯಲ್ಲಿ ಚಾಕುವಿಗೆ ಇರುವ ಕೆಲಸವಾದರೂ ಏನು? ಉಳ್ಳಾಗಡ್ಡಿ, ಸೌತೆಕಾಯಿ ಹೆಚ್ಚಬೇಕು, ಹಗ್ಗ ಕೊಯ್ಯಬೇಕು, ಗಾಯಕ್ಕೆ ಕಟ್ಟಲು ಬಟ್ಟೆ ಸೀಳಬೇಕು. ಇಷ್ಟಕ್ಕೆ ಮೂರು-ನಾಲ್ಕು ಇಂಚಿನ ಅಲಗು ಧಾರಾಳವಾಯಿತು. ಅಲಗು ಉದ್ದವಾದಷ್ಟೂ ಅದರ ತುದಿ ಕೈಯ ಹಿಡಿತದಿಂದ ದೂರವಾಗುತ್ತದೆ. ಕಟ್ಟಿಗೆ ಸೀಳುವುದು ಕೊಡಲಿಯ ಕೆಲಸ. ಚಾಕುವಿನಿಂದ ಮಾಡಹೋದರೆ ಹಿಡಿ ಸಡಿಲಾಗುತ್ತದೆ ಇಲ್ಲವೇ ಅಲಗು ಮುರಿಯುತ್ತದೆ. ಇನ್ನು ತೋಳ, ಕತ್ತೆಕಿರುಬ ಎದುರಾದರೆ ಎಂಬ ಭಯ. ಚಾಕು ತಗಲುವಷ್ಟು ಹತ್ತಿರಕ್ಕೆ ಪ್ರಾಣಿ ಬಂದಿದ್ದರೆ ಅದರ ಹಲ್ಲಿಗೂ ನಾವು ಅಷ್ಟೇ ಹತ್ತಿರ. ನೆಲ ತಟ್ಟುತ್ತ ನಡೆಯಲು ಒಂದು ಬಡಿಗೆ, ಕತ್ತಲಾದರೆ ಒಂದು ಟಾರ್ಚು: ನಮ್ಮ ಹೊಲಗಳಲ್ಲಿ ರಾತ್ರಿ ಕಾವಲಿಗೆ ಹೋಗುವವರು ಇವನ್ನೇ ನಂಬಿರುವುದು ಸುಮ್ಮನೆ ಅಲ್ಲ.

"ಒಂಬತ್ತು ಇಂಚಿನೊಳಗಿದ್ದರ ಯಾರೂ ಕೇಳಂಗಿಲ್ಲ" ಎಂಬುದು ಇನ್ನೊಂದು ನಂಬಿಕೆ. ಈ ಲೆಕ್ಕ ಗಾಳಿಯಿಂದ ಬಂದದ್ದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ. ಅಡುಗೆಗೆ, ಒಕ್ಕಲುತನಕ್ಕೆ ಎಂದೇ ಮಾಡಿದವನ್ನು ಹೊರಗಿಡುತ್ತವೆ. ಆದರೆ ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿಧಾಮ. ಅಲ್ಲಿ ನಡೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದು 'ಆಯುಧ' ಎಂಬ ಪದದೊಳಗೆ ಚಾಕುವನ್ನು ಹೆಸರಿಟ್ಟೇ ಸೇರಿಸಿದೆ, ಇಂಚಿನ ಲೆಕ್ಕ ಹೇಳಿಲ್ಲ. ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ವನ್ಯಜೀವಿಧಾಮದೊಳಗೆ ಕಾಲಿಡುವಂತಿಲ್ಲ ಎನ್ನುತ್ತದೆ ಅದರ 31ನೇ ಕಲಂ. ಆದ್ದರಿಂದ ಧಾಮದ ಒಳಗೆ ಹೋಗುವುದಿದ್ದರೆ ಉಳ್ಳಾಗಡ್ಡಿ ಮನೆಯಲ್ಲೇ ಹೆಚ್ಚಿ ಡಬ್ಬಿಗೆ ತುಂಬಿಕೊಳ್ಳಿ, ಚಾಕುವನ್ನು ಮನೆಯಲ್ಲೇ ಬಿಡಿ. ಬೇರೆ ಕಡೆ ಒಯ್ಯುವಾಗಲೂ ಒರೆ ಹಾಕಿ ಚೀಲದೊಳಗಿಡಿ. ಸೊಂಟಕ್ಕೆ ಸಿಕ್ಕಿಸಿಕೊಂಡು ಬೈಕ್ ಓಡಿಸುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ತಗ್ಗಿನ ರಸ್ತೆಯಲ್ಲಿ ಬಿದ್ದರೆ ಅದು ಮೊದಲು ಚುಚ್ಚುವುದು ಅವರನ್ನೇ.

ಇನ್ನು ಹರಿತದ ಮಾತು. ಮೊಂಡು ಚಾಕು ಸುರಕ್ಷಿತ ಎಂದುಕೊಂಡಿರುವ ತಾಯಂದಿರು ಬಹಳ. ಮೊಂಡಾದಷ್ಟೂ ಹೆಚ್ಚು ಒತ್ತಬೇಕು, ಒತ್ತಿದಷ್ಟೂ ಜಾರುತ್ತದೆ, ಜಾರಿದಾಗ ಅಷ್ಟೂ ಬಲ ಬೆರಳಿನ ಮೇಲೆ ಬೀಳುತ್ತದೆ. ಹರಿತ ಮಾಡಲು ನಮ್ಮವರು ಮನೆಯ ಶಹಾಬಾದ್ ಫರಸಿಗೆ ತಿಕ್ಕುತ್ತಾರೆ. ಆ ಕಲ್ಲಿನ ಮೇಲೆ ನನಗೂ ಅಭಿಮಾನವಿದೆ, ಅದರ ಮೇಲೆ ಆಡಿಯೇ ಬೆಳೆದವರು ನಾವು. ಆದರೆ ಅದು ಸುಣ್ಣದಕಲ್ಲು. ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆಗಳು ಅರೆಯುವುದೂ ಸುಣ್ಣದಕಲ್ಲನ್ನೇ. ಖನಿಜಗಳ ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಸುಣ್ಣದಕಲ್ಲಿನ ಮುಖ್ಯ ಖನಿಜ ಕ್ಯಾಲ್ಸೈಟ್ ನಿಲ್ಲುವುದು 3ರಲ್ಲಿ. ಚಾಕುವಿನ ಉಕ್ಕು 5ಕ್ಕಿಂತ ಮೇಲೆ. ತಿಕ್ಕಿದಾಗ ಫರಸಿಯ ಮೇಲೆ ಬೆಳ್ಳನೆ ಗೀರು ಮೂಡುತ್ತದಲ್ಲ, ಅಲ್ಲಿ ಸವೆಯುತ್ತಿರುವುದು ಹೆಚ್ಚಾಗಿ ಕಲ್ಲು. ಉಕ್ಕನ್ನು ಸವೆಸಲು ಉಕ್ಕಿಗಿಂತ ಗಟ್ಟಿಯಾದದ್ದು ಬೇಕು. ಮರಳುಗಲ್ಲಿನೊಳಗಿನ ಬೆಣಚು 7, ಅಂಗಡಿಯ ಕಾರ್ಬೊರಂಡಮ್ ಸಾಣೆಕಲ್ಲು 9ರ ಮೇಲೆ. ಸಾಣೆಕಲ್ಲನ್ನು ನೀರಲ್ಲಿ ತೋಯಿಸಿ, ಅಲಗನ್ನು ಸ್ವಲ್ಪವೇ ಓರೆಯಾಗಿ ಹಿಡಿದು, ಎರಡೂ ಮಗ್ಗುಲು ಒಂದೇ ಓರೆಯಲ್ಲಿ ಎಳೆಯಿರಿ.

ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕೇ ಹಿಡಿಯುವುದಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಅದರಲ್ಲಿರುವ ಕ್ರೋಮಿಯಂ ತುಕ್ಕನ್ನು ತಡೆಯುತ್ತದೆ, ಆದರೆ ಉಪ್ಪು-ಹುಳಿ ಮೆತ್ತಿದ ಚಾಕುವನ್ನು ಒದ್ದೆ ಒರೆಯಲ್ಲಿ ವಾರಗಟ್ಟಲೆ ಬಿಟ್ಟರೆ ಚುಕ್ಕೆ ಬೀಳುತ್ತದೆ. ಮಡಚುವ ಚಾಕು ಕೊಳ್ಳುವುದಾದರೆ ಬಿಚ್ಚಿದ ಅಲಗನ್ನು ಗಟ್ಟಿಯಾಗಿ ಹಿಡಿದಿಡುವ ಲಾಕ್ ಇದೆಯೇ ಎಂದು ಅಂಗಡಿಯಲ್ಲೇ ನೋಡಿ.

ಕೊನೆಯ ನಂಬಿಕೆ ಜೀವ ತೆಗೆಯುವಂಥದು: ಹಾವು ಕಚ್ಚಿದ ಜಾಗವನ್ನು ಚಾಕುವಿನಿಂದ ಕೊಯ್ದರೆ ವಿಷ ಹೊರಗೆ ಹರಿದುಹೋಗುತ್ತದೆ ಎನ್ನುವುದು. ಅಡವಿಯಲ್ಲಷ್ಟೇ ಅಲ್ಲ, ತೊಗರಿ ಕೊಯ್ಯುವ ಹೊಲದಲ್ಲೂ ಈ ಮಾತು ಓಡಾಡುತ್ತದೆ. ಒಳಗಿಳಿದ ವಿಷ ಕೊಯ್ದ ಗಾಯದಿಂದ ಹಿಂದಕ್ಕೆ ಬರುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಕೊಳಕುಮಂಡಲ, ಗರಗಸ ಮಂಡಲಗಳ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ನಾವು ಕೊಯ್ದ ಗಾಯದಿಂದ ಸುರಿಯುವ ರಕ್ತ ನಿಲ್ಲುವುದೇ ಇಲ್ಲ. ಬಿಗಿಯಾಗಿ ಹಗ್ಗ ಕಟ್ಟುವುದೂ ಬೇಡ, ಬಾಯಿಂದ ಹೀರುವುದೂ ಬೇಡ. ಉಂಗುರ, ಕಾಲುಂಗುರ, ಗಡಿಯಾರ ತೆಗೆಯಿರಿ, ಆಮೇಲೆ ಅಲ್ಲಿ ಬಾವು ಏರುತ್ತದೆ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಕೋಲಿಟ್ಟು ಸಡಿಲವಾಗಿ ಕಟ್ಟಿ, ನಡೆಯಲು ಬಿಡದೆ ಮಲಗಿಸಿ, 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವುದು ತಡವೆನಿಸಿದರೆ ಸಿಕ್ಕ ಜೀಪಿನಲ್ಲೇ ಪ್ರತಿವಿಷ ಸಿಗುವ ಆಸ್ಪತ್ರೆಗೆ ಹೊರಡಿ.