ಅತಿಥಿಯ ಋಣ

ಉತ್ತರ ಅಮೆರಿಕ ಖಂಡದ ದಕ್ಷಿಣ ಭಾಗದಲ್ಲಿರುವ ಮೆಕ್ಸಿಕೊ ಪುರಾತನ ನಾಗರಿಕತೆಗಳ ತವರು. 1521ರಲ್ಲಿ ಅಜ್ಟೆಕರ ರಾಜಧಾನಿಯು ಸ್ಪೇನ್ ದೇಶದವರ ವಶವಾಯಿತು. ಅನಂತರ ಮುನ್ನೂರು ವರ್ಷ ಅವರ ಆಳ್ವಿಕೆ ನಡೆಯಿತು. ಆದರೂ ಅಲ್ಲಿನ ಮೂಲನಿವಾಸಿಗಳು ಅಳಿದುಹೋಗಲಿಲ್ಲ. ನಹುವಾ, ಮಾಯಾ, ಝಪೊಟೆಕ್, ಮಿಹೆ ಮೊದಲಾದ ಜನಾಂಗಗಳು ಇಂದಿಗೂ ತಮ್ಮ ಹಳ್ಳಿಗಳಲ್ಲಿ ಬಾಳುತ್ತಿವೆ. ಪ್ರವಾಸಿಗರಲ್ಲಿ ಅನೇಕರು ಮೋಂತೆ ಆಲ್ಬಾನ್‌ನಂತಹ ಪಾಳುನಗರಗಳನ್ನು ಕಂಡು ಬೆರಗಾಗುತ್ತಾರೆ. ಅವನ್ನು ಕಟ್ಟಿದ ಝಪೊಟೆಕರ ವಂಶಜರು ಸಮೀಪದ ಹಳ್ಳಿಗಳಲ್ಲಿಯೇ ಇರುವರೆಂಬುದನ್ನು ಮರೆಯುತ್ತಾರೆ. ಕಲ್ಲನ್ನು ನೋಡುವುದು ಸುಲಭ. ಮನುಷ್ಯರನ್ನು ಕಾಣುವುದಕ್ಕೆ ಬೇರೊಂದು ಸಂಸ್ಕಾರ ಬೇಕು.

ಆ ಸಂಸ್ಕಾರವನ್ನು ಅಲ್ಲಿಯ ಜನರಿಂದಲೇ ಕಲಿಯಬಹುದು. ವಹಾಕ ರಾಜ್ಯದ ಝಪೊಟೆಕ್ ಹಳ್ಳಿಗಳಲ್ಲಿ 'ಗೆಲಗೆಟ್ಸ' ಎಂಬ ಪದ್ಧತಿಯುಂಟು. ಒಂದು ಮನೆಯಲ್ಲಿ ಮದುವೆಯೋ ಹಬ್ಬವೋ ನಡೆದರೆ ನೆಂಟರೂ ನೆರೆಹೊರೆಯವರೂ ಮೆಕ್ಕೆಜೋಳ, ಟರ್ಕಿ ಕೋಳಿ, ಕೋಕೋ ಬೀಜಗಳನ್ನು ತಂದೊಪ್ಪಿಸುತ್ತಾರೆ. ಯಾರು ಎಷ್ಟು ಕೊಟ್ಟರೆಂಬುದನ್ನು ಮನೆಯವರು ಪುಸ್ತಕದಲ್ಲಿ ಬರೆದಿಡುತ್ತಾರೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯ ಒದಗಿದಾಗ, ಎಷ್ಟೇ ವರ್ಷಗಳು ಕಳೆದಿರಲಿ, ಅದನ್ನು ಹಿಂದಿರುಗಿಸಲೇಬೇಕು. ನಮ್ಮ ನಾಡಿನ ಮುಯ್ಯಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ರಸ್ತೆಯ ದುರಸ್ತಿ, ಶಾಲೆಯ ಕಟ್ಟಡ ಮುಂತಾದ ಊರ ಕೆಲಸಗಳಿಗೆ ಪ್ರತಿಯೊಂದು ಮನೆಯೂ ಕೂಲಿಯಿಲ್ಲದೆ ದುಡಿಯುತ್ತದೆ. ಇದಕ್ಕೆ 'ತೆಕಿಯೊ' ಎಂದು ಹೆಸರು. ಪಡೆದುದನ್ನು ಮರಳಿ ಕೊಡುವುದೇ ಈ ಬಾಳಿನ ಅಡಿಗಲ್ಲು. ಹಾಗಾದರೆ ಅನ್ನವನ್ನೂ ಆದರವನ್ನೂ ಪಡೆದು ಹೊರಡುವ ಪ್ರವಾಸಿ ಮರಳಿ ಕೊಡಬೇಕಾದುದೇನು?

ಮೊದಲನೆಯದು, ಅವರ ದುಡಿಮೆಗೆ ತಕ್ಕ ಬೆಲೆ. ವಹಾಕ ನಗರದ ಬಳಿಯ ತೆಯೊತಿತ್ಲಾನ್ ನೇಕಾರರ ಊರು. ಅಲ್ಲಿ ಉಣ್ಣೆಗೆ ಕೆಂಪು ಬಣ್ಣ ಕಟ್ಟಲು ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನಿಲ್ ಎಂಬ ಸಣ್ಣ ಹುಳುವನ್ನು ಒಣಗಿಸಿ ಕಲ್ಲಿನಲ್ಲಿ ಅರೆಯುತ್ತಾರೆ; ನಿಂಬೆಯ ರಸ ಬೆರೆಸಿದರೆ ಆ ಬಣ್ಣ ಕಿತ್ತಳೆಯತ್ತ ತಿರುಗುತ್ತದೆ. ಹೀಗೆ ಬಣ್ಣ ಕಟ್ಟಿ, ವಾರಗಟ್ಟಲೆ ಕುಳಿತು ನೇಯ್ದ ಕಂಬಳಿಯ ಮುಂದೆ ನಿಂತು ಚೌಕಾಸಿ ಮಾಡುವುದು ಸಲ್ಲದು.

ಎರಡನೆಯದು, ಅವರ ಅರಿವಿಗೆ ಮನ್ನಣೆ. ಮೆಕ್ಕೆಜೋಳವನ್ನು ಮೊದಲು ಸಾಗುವಳಿಗೆ ತಂದವರು ಮೆಕ್ಸಿಕೊದ ಪ್ರಾಚೀನ ರೈತರು. ಹಳ್ಳಿಯ ಹೆಂಗಸರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಿಟ್ಟು, ಅರೆದು, ಹೆಂಚಿನ ಮೇಲೆ ರೊಟ್ಟಿ ಸುಡುತ್ತಾರೆ. ಯೂರೋಪಿನವರು ಕಾಳನ್ನು ಕೊಂಡೊಯ್ದರು, ಸುಣ್ಣದ ಗುಟ್ಟನ್ನು ಕೊಂಡೊಯ್ಯಲಿಲ್ಲ. ಸುಣ್ಣವಿಲ್ಲದಿದ್ದರೆ ಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ತ್ವವು ದೇಹಕ್ಕೆ ದಕ್ಕುವುದಿಲ್ಲ. ಜೋಳವನ್ನೇ ನೆಚ್ಚಿ ಬದುಕಿದ ಸ್ಪೇನ್, ಇಟಲಿಗಳ ಬಡವರನ್ನು ಹದಿನೆಂಟನೆಯ ಶತಮಾನದಿಂದ ಪೆಲಾಗ್ರ ಎಂಬ ರೋಗ ಕಾಡಿತು. ಅಡುಗೆಮನೆಯ ಹೆಂಗಸನ್ನು ಕೇಳಿ ತಿಳಿಯದೆ ಹೋದುದಕ್ಕೆ ಎಷ್ಟು ದೊಡ್ಡ ದಂಡ!

ಮೂರನೆಯದು, ಅವರ ಭಾಷೆಗೆ ಗೌರವ. ಮೆಕ್ಸಿಕೊ ಸರ್ಕಾರವು 68 ಮೂಲನಿವಾಸಿ ಭಾಷೆಗಳನ್ನು ಗುರುತಿಸಿದೆ. 2020ರ ಜನಗಣತಿಯಂತೆ 73 ಲಕ್ಷಕ್ಕೂ ಹೆಚ್ಚು ಜನ ಅವನ್ನಾಡುತ್ತಾರೆ. ಆದರೆ ಇದು ನೂರಕ್ಕೆ ಸುಮಾರು ಆರು ಮಂದಿ ಮಾತ್ರ. ಹಿಂದೆ ಶಾಲೆಗಳಲ್ಲಿ ತಾಯ್ನುಡಿಯಾಡಿದ ಮಕ್ಕಳು ಶಿಕ್ಷೆಗೆ ಗುರಿಯಾದುದುಂಟು. 2003ರ ಕಾಯಿದೆಯು ಈ ನುಡಿಗಳಿಗೂ ಸ್ಪ್ಯಾನಿಷ್‌ನಂತೆಯೇ ರಾಷ್ಟ್ರಭಾಷೆಗಳ ಸ್ಥಾನವನ್ನಿತ್ತಿತು. 1806ರಲ್ಲಿ ಗೆಲತಾವೊ ಎಂಬ ಹಳ್ಳಿಯಲ್ಲಿ ಹುಟ್ಟಿದ ಬೆನಿಟೊ ಹ್ವಾರೆಸ್ ಝಪೊಟೆಕ್ ನುಡಿಯ ಹುಡುಗ. ಹನ್ನೆರಡರ ವಯಸ್ಸಿನಲ್ಲಿ ನಗರಕ್ಕೆ ಬಂದಮೇಲೆಯೇ ಆತ ಸ್ಪ್ಯಾನಿಷ್ ಕಲಿತದ್ದು. ಆತನೇ ಮುಂದೆ 1858ರಿಂದ 1872ರವರೆಗೆ ರಾಷ್ಟ್ರಾಧ್ಯಕ್ಷನಾಗಿದ್ದ. ಸ್ಪ್ಯಾನಿಷ್ ಬಾರದವರನ್ನು ಅಜ್ಞಾನಿಗಳೆಂದು ಬಗೆಯುವವರು ಇದನ್ನು ನೆನೆಯಬೇಕು.

ನಾಲ್ಕನೆಯದು, ಅಪ್ಪಣೆ ಕೇಳುವ ವಿನಯ. ಚಿಯಾಪಸ್ ರಾಜ್ಯದ ಚಮುಲ ಎಂಬ ಮಾಯಾ ಊರಿನ ಚರ್ಚಿನಲ್ಲಿ ಕುಳಿತುಕೊಳ್ಳಲು ಆಸನಗಳಿಲ್ಲ. ಪೈನ್ ಮರದ ಎಸಳು ಹರಡಿದ ನೆಲದ ಮೇಲೆ ಮೇಣದ ಬತ್ತಿಗಳನ್ನು ಹಚ್ಚಿ ಜನರು ಪ್ರಾರ್ಥಿಸುತ್ತಾರೆ. ಒಳಗೆ ಛಾಯಾಚಿತ್ರ ತೆಗೆಯುವುದು ನಿಷಿದ್ಧ. ಪ್ರಾರ್ಥನೆ ಪ್ರದರ್ಶನವಲ್ಲ ಎಂಬುದೇ ಇದರ ಅರ್ಥ. ಮಿಹೆ ಜನರ ಒಂದು ಊರಿನ ರವಿಕೆಯ ಕಸೂತಿಯನ್ನು ಹೋಲುವ ಉಡುಪುಗಳು ವಿದೇಶದ ಪೇಟೆಯಲ್ಲಿ ಕಾಣಿಸಿಕೊಂಡಾಗ, 2015ರಲ್ಲಿ ಆ ಊರಿನವರು ಪ್ರತಿಭಟಿಸಿದರು. ಸಮುದಾಯದ ಒಪ್ಪಿಗೆಯಿಲ್ಲದೆ ಅದರ ಕಲೆಯನ್ನು ಬಳಸಿಕೊಳ್ಳದಂತೆ ತಡೆಯುವ ಕಾಯಿದೆಯೊಂದು 2022ರಲ್ಲಿ ಜಾರಿಗೆ ಬಂದಿತು.

ಹೀಗೆಂದು ಹಳ್ಳಿಗರು ಅತಿಥಿಗಳಿಗೆ ಬಾಗಿಲು ಮುಚ್ಚಿಲ್ಲ. ವಹಾಕದ ಉತ್ತರದ ಬೆಟ್ಟಸೀಮೆಯಲ್ಲಿ ಎಂಟು ಹಳ್ಳಿಗಳು ಒಗ್ಗೂಡಿ ತಮ್ಮ ಕಾಡನ್ನು ಕಾಪಾಡಿಕೊಂಡಿವೆ. ಅಲ್ಲಿ ಅತಿಥಿಗಳಿಗೆ ಬಿಡದಿಗಳಿವೆ. ದಾರಿ ತೋರಿಸುವವರೂ ಊರಿನವರೇ. ಆತಿಥ್ಯದ ನಿಯಮವನ್ನು ಊರೇ ಗೊತ್ತುಪಡಿಸುತ್ತದೆ, ಅದರ ಆದಾಯವೂ ಊರಿಗೇ ಸೇರುತ್ತದೆ.

ಮೆಣಸಿನಕಾಯಿಯನ್ನು ಸಾಗುವಳಿಗೆ ತಂದವರೂ ಮೆಕ್ಸಿಕೊದ ರೈತರೇ. ಅದು ಸಾಗರಗಳನ್ನು ದಾಟಿ ಬಂದು ನಮ್ಮ ಸಾರಿನಲ್ಲಿ ಬೆರೆತಿದೆ. ಆ ನಾಡನ್ನು ಕಾಣದ ನಾವೂ ಅವರ ಕೈಯಿಂದ ಪಡೆದವರೇ. ಅವರು ಪುಸ್ತಕದಲ್ಲಿ ಬರೆದಿಡದ ಈ ಮುಯ್ಯಿಯನ್ನು ನಾವು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಬೇಕು. ಎಲ್ಲಿಗೆ ಹೋದರೂ ಆ ನೆಲದವರನ್ನು ಸಮಾನರೆಂದು ಕಂಡು ನಡೆದುಕೊಳ್ಳುವುದೇ ಅದನ್ನು ತೀರಿಸುವ ಬಗೆ.